ತಾಯಿ ಸಕ್ಕರೆ ಕೇಳಿದ ಬೆಟ್ಟ

ಬೆಟ್ಟ ಹತ್ತುವ ದಿನ ನನ್ನ ಸೊಂಟದಲ್ಲಿ ಒಂದು ಕೆಂಪು ಬಟ್ಟೆಯ ಚೀಲ ಇರುತ್ತದೆ. ಎದ್ದು ಕಾಣಲಿ ಅಂತಲೇ ಕೆಂಪು. ಒಳಗೆ ಸಕ್ಕರೆ. ಬೆನ್ನಿನ ಚೀಲದಲ್ಲಿ ಇನ್ನೊಂದು ಪೊಟ್ಟಣ, ಜೊತೆಗೆ ನಡೆಯುವವರ ಹತ್ತಿರ ಮತ್ತೊಂದು. "ಇದೇನು ರಾಜಮ್ಮ, ದೇವರ ಭಂಡಾರವಾ?" ಎಂದು ಕೇಳಿದವರಿಗೆಲ್ಲ ನಾನು ಕೊಡುವುದು ಒಂದೇ ಉತ್ತರ. "ಸಕ್ಕರೆ ಕಾಯಿಲೆಯವಳು ನಾನು. ಬೆವರಿ ನಡುಗಿದರೆ, ಏನೇನೋ ಮಾತಾಡಿದರೆ, ನನ್ನನ್ನು ಏನೂ ಕೇಳುತ್ತಾ ನಿಲ್ಲಬೇಡಿ. ಇದನ್ನು ತೆಗೆದು ಬಾಯಿಗೆ ಹಾಕಿ."

ಹೀಗೆ ಹೇಳಲು ನನಗೆ ನಾಚಿಕೆಯಿಲ್ಲ. ಒಂದು ಕಾಲದಲ್ಲಿ ಇತ್ತು. ಅದು ನನ್ನ ನಾಚಿಕೆಯೂ ಅಲ್ಲ, ಮನೆಯವರದ್ದು. ಅದನ್ನು ನನ್ನ ತಲೆಯ ಮೇಲೆ ಹೊರಿಸಿದ್ದರು, ಹೊತ್ತುಕೊಂಡು ಬೆಟ್ಟ ಹತ್ತಿದೆ, ಸಾಯುವ ಹಾಗಾದೆ. ಈಗಲೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಬಚ್ಚಲಿನ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಳ್ಳುತ್ತಾರೆ ಎಂದು ನನಗೆ ಗೊತ್ತು. ಬಾಗಿಲು ತೆಗೆಯಿರಿ ಎಂದು ಅವರಿಗೆ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತಮಿಳು ಸೀಮೆಯ ಸೋಮನೂರಿನವಳು. ನೇಯ್ಗೆಯ ಮನೆ. ಮನೆಯ ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಅಪ್ಪನ ವಿದ್ಯುತ್ ಮಗ್ಗಗಳು. ಮಗ್ಗದ ಸದ್ದಿನಲ್ಲಿ ಬೆಳೆದವರು ನಾವು, ಅದಕ್ಕೇ ನಮ್ಮ ಕಡೆಯವರ ದನಿ ಒಂದು ಮಟ್ಟ ಜೋರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಈ ಕನ್ನಡ ಅಕ್ಷರ ನಾನು ಕಲಿತದ್ದು ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ಮೇಲೆ. ಹೌದು, ನನಗೆ ಮದುವೆಯೂ ಆಯಿತು. ಆಗುವುದಿಲ್ಲ ಎಂದು ಹೇಳಿದವರೆಲ್ಲ ಬಂದು ಉಂಡು ಹೋದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹತ್ತೊಂಬತ್ತು ತುಂಬಿತ್ತು. ಶೆಡ್ಡಿನಲ್ಲಿ ಕಂಡಿಕೆ ಸುತ್ತುವ ಕೆಲಸ ನನ್ನದು. ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗೆ ನೂಲು ತುಂಬಿಸುವುದು. ಕೂತಲ್ಲೇ ಕೂತು ಮಾಡುವ ಕೆಲಸ, ಆದರೂ ಆ ಬೇಸಿಗೆಯಲ್ಲಿ ನನಗೆ ಕೈ ಎತ್ತಲೂ ಆಗದಷ್ಟು ಸುಸ್ತು. ಬಾಯಾರಿಕೆ ಎಂದರೆ ಎಂಥ ಬಾಯಾರಿಕೆ! ಕೊಡದ ನೀರೆಲ್ಲ ನನ್ನೊಬ್ಬಳಿಗೇ. ಅವ್ವ ನನ್ನ ರವಿಕೆಗಳನ್ನು ಒಂದು ಸಲ ಒಳಗೆ ಹಿಡಿದು ಹೊಲಿದಳು, ಸ್ವಲ್ಪ ದಿನಕ್ಕೆ ಮತ್ತೆ ಹಿಡಿದಳು. ದೃಷ್ಟಿ ತೆಗೆದಳು. ಬೇವಿನ ಸೊಪ್ಪು ಅರೆದು ಕುಡಿಸಿದಳು. ಒಂದು ದಿನ ನಾನು ಕಂಡಿಕೆ ಯಂತ್ರದ ಮೇಲೇ ತಲೆಯಿಟ್ಟು ನಿದ್ದೆ ಹೋದೆ. ಕೂದಲು ಸಿಕ್ಕಿಕೊಳ್ಳುವುದಕ್ಕೆ ಮೊದಲು ಅಪ್ಪ ಸ್ವಿಚ್ಚು ಆರಿಸಿದ. ಮಾರನೆಯ ದಿನ ನನ್ನನ್ನು ಬಸ್ಸು ಹತ್ತಿಸಿ, ಸಿಂಗಾನಲ್ಲೂರಿನಲ್ಲಿ ಇಳಿಸಿ, ಇನ್ನೊಂದು ಬಸ್ಸಿನಲ್ಲಿ ಪೇಟೆಯ ಆರ್.ಎಸ್. ಪುರಂನಲ್ಲಿದ್ದ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ.

ಆ ಡಾಕ್ಟರಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಎರಡು ಉದ್ದ ಬೆಂಚುಗಳು. ಕೂತವರೆಲ್ಲ ತೊಡೆಯ ಮೇಲೊಂದು ಚೀಲ ಇಟ್ಟುಕೊಂಡು ಅದರ ಬಾಯನ್ನು ಗಟ್ಟಿಯಾಗಿ ಹಿಡಿದಿದ್ದರು. ನನ್ನದೂ ಹಾಗೇ. ಪರೀಕ್ಷೆಗೆ ಬೇಕಾಗುತ್ತದೆ ಎಂದು ಯಾರೋ ಹೇಳಿದ್ದರಿಂದ, ಮೂತ್ರದ ಸೀಸೆಯನ್ನು ಕಾಗದದಲ್ಲಿ ಸುತ್ತಿ, ಅದರ ಮೇಲೆ ಟವಲು ಸುತ್ತಿ, ಕಳ್ಳಮಾಲಿನಂತೆ ತಂದಿದ್ದೆವು. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನ ಕೈ ನೋಡಿ ನಕ್ಕಳು. "ಯಾಕ್ ಕಣ್ಣು ಹಾಂಗ್ ಹಿಡ್ಕೊಂಡಿ? ಎಲ್ರ ಚೀಲದಲ್ಲೂ ಅದೇ ಇರೋದು," ಎಂದಳು ತಮಿಳಿನಲ್ಲಿ. ನಮ್ಮ ಕಡೆ ಮುದ್ದಿನವರನ್ನು ಕಣ್ಣು ಎಂದೇ ಕರೆಯುವುದು. ಆಮೇಲೆ ತನ್ನ ಸೊಸೆಯನ್ನು ಬೈಯಲು ಶುರುಮಾಡಿದವಳು ನನ್ನನ್ನು ಒಳಗೆ ಕರೆಯುವವರೆಗೂ ನಿಲ್ಲಿಸಲಿಲ್ಲ. ಕಾಯಿಲೆ ಏನೇ ಇರಲಿ, ಅದನ್ನು ಇಟ್ಟುಕೊಂಡೂ ಈ ವಯಸ್ಸಿನಲ್ಲಿ ಇಷ್ಟು ಜೋರಾಗಿ ಬೈಯಬಹುದು ಎಂದಾದರೆ ಪರವಾಗಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಡಾಕ್ಟರಮ್ಮ ತೆಳ್ಳಗಿನ ಹೆಂಗಸು, ನಾಲಿಗೆ ಹರಿತ. ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಊಸಿ ಹಾಕಿಕೊಳ್ಳಬೇಕು ಎಂದರು. ನಮ್ಮ ಕಡೆ ಚುಚ್ಚುಮದ್ದಿಗೆ ಊಸಿ ಅಂತಲೇ ಹೆಸರು, ಅವ್ವನಂಥವರ ಬಾಯಲ್ಲಿ ಸಕ್ಕರೆ ಸರ್ಕರೆ.

"ಎಷ್ಟ್ ದಿನಕ್ಕಮ್ಮ?" ಎಂದು ಅಪ್ಪ ಕೇಳಿದ.

"ನೀವು ಊಟ ಎಷ್ಟು ದಿನ ಮಾಡ್ತೀರಿ?" ಎಂದರು.

ಅವರು ಗಾಜಿನ ಸಿರಿಂಜು ತೋರಿಸಿದರು, ಕುದಿಸುವುದು ಹೇಗೆ ಎಂದು ಹೇಳಿಕೊಟ್ಟರು, ಒಂದು ಸಾತುಕುಡಿ, ಅಂದರೆ ಮೋಸಂಬಿ ಹಣ್ಣಿಗೆ ನನ್ನ ಕೈಯಲ್ಲೇ ಚುಚ್ಚಿಸಿದರು. ಎರಡು ಮಾತು ಗಟ್ಟಿಯಾಗಿ ಹೇಳಿದರು. ಊಸಿ ಒಂದು ದಿನವೂ ತಪ್ಪಿಸಬಾರದು. ಊಸಿ ಹಾಕಿಕೊಂಡ ಮೇಲೆ ಊಟ ತಪ್ಪಿಸಬಾರದು, ತಪ್ಪಿ ಬೆವರಿ ನಡುಗಿದರೆ ಕೂಡಲೇ ಸಿಹಿ ತಿನ್ನಬೇಕು.

ಪೇಟೆಗೆ ಬಂದಾಗಲೆಲ್ಲ ಅಪ್ಪ ನನಗೆ ಜಿಲೇಬಿ ಕೊಡಿಸುತ್ತಿದ್ದ. ಅವತ್ತೂ ಅಭ್ಯಾಸಬಲದಿಂದ ಕಟ್ಟಿಸಿಕೊಂಡ. ಬಸ್‌ಸ್ಟಾಂಡಿಗೆ ಬಂದ ಮೇಲೆ ಕೈಯಲ್ಲಿದ್ದ ಪೊಟ್ಟಣ ನೋಡಿಕೊಂಡು ನಿಂತುಬಿಟ್ಟ. ನನಗೆ ಕೊಡುವಂತಿಲ್ಲ, ಬಿಸಾಡುವಂತಿಲ್ಲ. ಕಡೆಗೆ ತಾನೇ ಗಬಗಬ ತಿಂದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವ್ವ ಅಳಲಿಲ್ಲ. ಬಾಗಿಲು ಮುಂದೆ ಮಾಡಿ ಪಿಸುದನಿಯಲ್ಲಿ ಹೇಳಿದಳು. "ಯಾರ್ ಹತ್ರಾನೂ ಬಾಯಿ ಬಿಡ್ಬಾರ್ದು. ಸೆಲ್ವಿ ಹತ್ರಾನೂ. ಗೊತ್ತಾಯ್ತಾ? ನಾಳೆ ನಿನ್ನ ಕೇಳ್ಕೊಂಡು ಯಾರು ಬತ್ತಾರೆ?" ಸೆಲ್ವಿ ಎಂದರೆ ದೊಡ್ಡಪ್ಪನ ಮಗಳು, ನನ್ನ ಓರಗೆಯವಳು. ಅವಳಿಗೆ ಹೇಳದ ವಿಷಯ ನನ್ನ ಹೊಟ್ಟೆಯಲ್ಲಿ ಅಲ್ಲಿಯವರೆಗೆ ಒಂದೂ ಇರಲಿಲ್ಲ.

ಮನೆಯಲ್ಲಿ ಫ್ರಿಜ್ಜಿಲ್ಲ. ಡಾಕ್ಟರಮ್ಮ ಹೇಳಿದಂತೆ ಅವ್ವ ಒಂದು ಹೊಸ ಮಡಕೆಯಲ್ಲಿ ಒದ್ದೆ ಮರಳು ತುಂಬಿ ಇನ್ಸುಲಿನ್ ಸೀಸೆಯನ್ನು ಅದರಲ್ಲಿ ಇಟ್ಟಳು. ನೂಲಿನ ಗಂಟುಗಳ ಹಿಂದೆ ಮಡಕೆ. ಯಾರಾದರೂ ಮುಟ್ಟಿದರೆ? ಅದಕ್ಕೂ ಉಪಾಯ ಮಾಡಿದಳು. ಮಡಕೆಯ ಕೊರಳಿಗೆ ಅರಿಶಿನದ ದಾರ ಕಟ್ಟಿ, ಹೊಟ್ಟೆಗೆ ಮೂರು ಕುಂಕುಮದ ಬೊಟ್ಟು ಇಟ್ಟಳು. ಹರಕೆಯ ಮಡಕೆ ಎಂದುಕೊಂಡು ಯಾರೂ ಹತ್ತಿರ ಸುಳಿಯಲಿಲ್ಲ. ನೂಲು ತಂದುಕೊಡಲು ಬಂದವರು ಅದಕ್ಕೆ ಕೈಮುಗಿದು ಹೋಗುತ್ತಿದ್ದರು. ನನ್ನ ಕಾಯಿಲೆ ಹೀಗೆ ನಮ್ಮ ಮನೆಯಲ್ಲಿ ದೇವರಾಯಿತು. ಆಗ ನನಗೆ ನಗು ಬರುತ್ತಿತ್ತು.

ಬೇಸಿಗೆ, ಮಳೆ ಕಳೆದು ಸಂಕ್ರಾಂತಿಯ ತೈ ತಿಂಗಳು ಬಂತು. ಪೊಂಗಲ್ ಮುಗಿಯುತ್ತಲೇ ನಮ್ಮ ಕುಲದ ಸೌಡಮ್ಮತಾಯಿಯ ಹಬ್ಬ. ಅದಕ್ಕೆ ಮೊದಲು ನಮ್ಮ ದಾಯಾದಿಗಳೆಲ್ಲ ಸೇರಿ ಪಶ್ಚಿಮದ ಕಾಡಿನ ಬೆಟ್ಟ ಹತ್ತಿ, ಮೇಲಿನ ಊಟೆಯಿಂದ ತಾಯಿಯ ಕಲಶಕ್ಕೆ ನೀರು ತರಬೇಕು. ಮದುವೆಯಾಗದ ಹೆಣ್ಣುಮಕ್ಕಳು ಹಿತ್ತಾಳೆ ಬಿಂದಿಗೆ ಹಿಡಿಯಬೇಕು. ಹಿಂದಿನ ದಿನ ತಪ್ಪಲಿನ ಕಲ್ಲುಮಂಟಪದಲ್ಲಿ ಬಿಡಾರ. ಬೆಳಗಾಗುತ್ತಲೇ ಹತ್ತುವುದು. ಬರಿಗಾಲು. ಮೊದಲ ಬಿಂದಿಗೆ ತುಂಬುವವರೆಗೆ ಯಾರ ಹೊಟ್ಟೆಗೂ ಏನೂ ಬೀಳಬಾರದು. ತಿನ್ನುವುದೆಲ್ಲ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ದೊಡ್ಡಪ್ಪನ ಹೆಗಲ ಮೇಲೆ, ಗುಂಪಿನ ಎಲ್ಲರಿಗಿಂತ ಮುಂದೆ. ನೀರು ತುಂಬಿದ ಮೇಲೆಯೇ ಆ ಗಂಟು ಬಿಚ್ಚುವುದು.

ಆ ಬೆಟ್ಟ ಎಂದರೆ ನನಗೆ ಪ್ರಾಣ. ವರ್ಷವೆಲ್ಲ ಹತ್ತಿಯ ಧೂಳಿನಲ್ಲಿ ಕೂತವಳಿಗೆ ಅದೊಂದು ದಿನ ಎದೆ ತುಂಬ ಗಾಳಿ. ಮುಕ್ಕಾಲು ದಾರಿಯಲ್ಲಿ ಒಂದು ಜಾರುಬಂಡೆ ಇದೆ, ಹಿಂದಿನವರು ಕಡಿದ ಸಣ್ಣ ಸಣ್ಣ ಮೆಟ್ಟುಗುಳಿಗಳಲ್ಲಿ ಕಾಲಿಟ್ಟು ಹತ್ತಬೇಕು. ಅಲ್ಲಿ ಗಂಡುಹುಡುಗರಿಗಿಂತ ಮೊದಲು ಮೇಲೆ ನಿಂತು ನಗುವವಳು ನಾನೇ.

"ಹೋಗ್ದಿದ್ರೆ ಯಾಕೆ ಅಂತ ಕೇಳ್ತಾರೆ," ಎಂದಳು ಅವ್ವ. ನಾನೂ ಹೋಗಲು ತುದಿಗಾಲಲ್ಲಿ ನಿಂತಿದ್ದೆ. ಮಂಟಪದಲ್ಲಿ ಬೆಳಗಾಗುತ್ತಲೇ ಅವ್ವ ನನ್ನನ್ನು ಒಂದು ಪೊದೆಯ ಹಿಂದೆ ಕರೆದುಕೊಂಡು ಹೋಗಿ, ಸೆರಗು ಅಡ್ಡ ಹಿಡಿದು, ಊಸಿ ಹಾಕಿಸಿದಳು. ಡಾಕ್ಟರಮ್ಮ ತಪ್ಪಿಸಬಾರದು ಎಂದಿದ್ದರಲ್ಲ, ತಪ್ಪಿಸಲಿಲ್ಲ. ಉಪವಾಸ ತಾಯಿಯ ಮಾತು, ಅದನ್ನೂ ತಪ್ಪಿಸಲಿಲ್ಲ. "ಬೇಗ ಬೇಗ ಹತ್ತಿಬಿಡು ಕಣ್ಣು, ನೀರು ತುಂಬಿದ ತಕ್ಷಣ ತಿನ್ನೀವಂತೆ," ಎಂದಳು. ಡಾಕ್ಟರ ಮಾತಿನಲ್ಲಿ ಅರ್ಧ, ದೇವರ ಮಾತಿನಲ್ಲಿ ಅರ್ಧ ಸೇರಿಸಿ ನಮ್ಮಂಥ ಮನೆಗಳಲ್ಲಿ ಮಾತ್ರ ಆಗುವ ತಪ್ಪು ಅದು. ಇಬ್ಬರನ್ನೂ ಮೀರಲಿಲ್ಲ ಎಂಬ ಸಮಾಧಾನ ಬೇರೆ.

ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ಜಾರುಬಂಡೆಯ ಹತ್ತಿರ ಬರುವ ಹೊತ್ತಿಗೆ ನಾಲಿಗೆ ಜುಮ್ಮೆನ್ನುತ್ತಿತ್ತು. ತೈ ತಿಂಗಳ ಚಳಿಯಲ್ಲಿ ಮೈಯೆಲ್ಲ ಬೆವರು. ಯಾರ ಮೇಲೋ ವಿಪರೀತ ಸಿಟ್ಟು, ಯಾಕೆ ಎಂದು ಗೊತ್ತಿಲ್ಲ. ಸೆಲ್ವಿ ಏನೋ ಕೇಳಿದಳು, ಅವಳ ಮುಖ ಎರಡಾಗಿ ಕಂಡಿತು. ಬಿಂದಿಗೆ ಕೈಯಿಂದ ಜಾರಿ ಬಂಡೆಯ ಮೇಲೆ ಟಣಟಣ ಎಂದು ಉರುಳಿದ ಸದ್ದು ನೆನಪಿದೆ. ಉಳಿದದ್ದನ್ನೆಲ್ಲ ಸೆಲ್ವಿಯ ಬಾಯಿಂದಲೇ ಕೇಳಿ ತಿಳಿದದ್ದು.

ನಾನು ಗಡಗಡ ನಡುಗಿದೆನಂತೆ. ತಲೆ ಆಡಿಸಿದೆನಂತೆ. ದೊಡ್ಡಪ್ಪನನ್ನು ನೋಡಿ "ಲೇ!" ಎಂದು ಗದರಿದೆನಂತೆ. ಕುಲಕ್ಕೇ ಹಿರಿಯ ಅವರು. ಹತ್ತೊಂಬತ್ತರ ಹುಡುಗಿ ಅವರನ್ನು ಲೇ ಎಂದರೆ ಏನರ್ಥ? ದೊಡ್ಡಪ್ಪ ಬೆಚ್ಚಿ, ಎರಡೂ ಕೈಯೆತ್ತಿ ಮುಗಿದು, "ತಾಯಿ ಬಂದ್ಬುಟ್ಲು!" ಎಂದು ಕೂಗಿದರು. ಅಷ್ಟೇ ಸಾಕಾಯಿತು. ಹಬ್ಬದಲ್ಲಿ ತಾಯಿಗಾಗಿ ಮೈಗೆ ಕತ್ತಿ ಹಾಕಿಕೊಳ್ಳುವ ಕತ್ತಿಸೇವೆಯ ಹುಡುಗರು ಎದೆ ತಟ್ಟಿಕೊಂಡು "ತೀಸ್ಕೋ ತಾಯೇ, ತೀಸ್ಕೋ!" ಎಂದು, ತಗೋ ತಾಯೇ ಎಂಬ ತಮ್ಮ ತೆಲುಗು ಕೂಗು ಶುರುಮಾಡಿದರು. ಯಾರೋ ತಲೆಗೆ ಅರಿಶಿನದ ನೀರು ಸುರಿದರು, ಇನ್ನಾರೋ ಕರ್ಪೂರ ಹಚ್ಚಿದರು. ಆಮೇಲೆ ಒಬ್ಬೊಬ್ಬರಾಗಿ ಪ್ರಶ್ನೆ ಕೇಳತೊಡಗಿದರು.

"ತಾಯೇ, ನೂಲಿನ ರೇಟು ಯಾವಾಗ ಇಳಿತದೆ?"

"ನನ್ನ ಮಗಳಿಗೆ ಈ ವರ್ಷ ಕೂಡಿ ಬತ್ತದಾ ತಾಯೇ?"

ನಾನು ಬೆಟ್ಟದ ಅಂಚಿನಲ್ಲಿ ತೂರಾಡುತ್ತಾ ಒಂದೇ ಮಾತು ಹೇಳಿದೆನಂತೆ. "ಸಕ್ಕರೆ. ಸಕ್ಕರೆ ಕೊಡ್ರೋ."

ಬುದ್ಧಿಗೆ ಕವಿದ ಆ ಕತ್ತಲಲ್ಲೂ ನನ್ನ ಜೀವಕ್ಕೆ ತನಗೇನು ಬೇಕು ಎಂದು ಗೊತ್ತಿತ್ತು. ದೊಡ್ಡಪ್ಪ ನೆಲಕ್ಕೆ ಹಣೆಯೂರಿ ಹೇಳಿದರಂತೆ, "ಕೊಡ್ತೀವಿ ತಾಯೇ! ಹಬ್ಬದ ದಿನ ಸಕ್ಕರೆ ಪೊಂಗಲ್ ಇಡ್ತೀವಿ, ಕೋಪ ಮಾಡ್ಕೋಬೇಡ!" ಅವರ ಹೆಗಲ ಮೇಲಿನ ಹಳದಿ ಗಂಟಿನಲ್ಲಿ ಸೇರುಗಟ್ಟಲೆ ಬೆಲ್ಲ ಇತ್ತು.

ಅವ್ವ ಅಲ್ಲೇ ನಿಂತಿದ್ದಳು. ಅಪ್ಪ ಶೆಡ್ಡಿನ ಕೆಲಸಕ್ಕೆ ಊರಲ್ಲೇ ಉಳಿದಿದ್ದ, ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಅದು ಏನು ಎಂದು ಗೊತ್ತಿತ್ತು. ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ ಎಂದು ಸೆಲ್ವಿ ಹೇಳಿದಳು. ಬಾಯಿ ಬಿಟ್ಟರೆ ಮಗಳ ಬಾಳು ಹೋಯಿತು, ಬಿಡದಿದ್ದರೆ ಮಗಳೇ ಹೋದಳು. ಅವ್ವ ಎಷ್ಟು ಹೊತ್ತು ಹಾಗೆ ನಿಂತಿದ್ದಳು ಎಂದು ನಾನು ಯಾರನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ನಾನು ಕುಸಿದು ಬಿದ್ದಾಗ ಅವಳು ದೊಡ್ಡಪ್ಪನ ಹೆಗಲಿಂದ ಆ ಗಂಟನ್ನು ಕಿತ್ತುಕೊಂಡಳು. ಕಟ್ಟು ಬಿಚ್ಚಲು ಬರದೆ ಹಲ್ಲಿನಿಂದ ಹರಿದಳು.

"ತಾಯಿ ಅಲ್ಲ ಅದು! ನನ್ನ ಮಗಳು! ಸರ್ಕರೆ ವ್ಯಾದಿ ಅವ್ಳಿಗೆ, ಸಾಯ್ತಾವ್ಳೆ, ಬಿಡ್ರೋ!"

ಬೆಲ್ಲ ಅಗಿದು, ನೀರಲ್ಲಿ ಕಲಸಿ, ನನ್ನ ವಸಡಿಗೆ ಬೆರಳಿನಿಂದ ಉಜ್ಜಿದಳಂತೆ. ಮತ್ತೆ ಮತ್ತೆ ಉಜ್ಜಿದಳು. ನನಗೆ ಎಚ್ಚರವಾದಾಗ ಮೊದಲು ಕಂಡದ್ದು ಅವ್ವನ ಮುಖ, ಗಲ್ಲದ ತುಂಬ ಬೆಲ್ಲ.

ನನ್ನನ್ನು ಕಂಬಳಿಯಲ್ಲಿ ಹಾಕಿ, ಬಿದಿರಿಗೆ ಕಟ್ಟಿ, ಕೆಳಗೆ ಹೊತ್ತು ತಂದರು. ಆ ವರ್ಷ ಊಟೆಯ ನೀರು ಬರಲಿಲ್ಲ. ಗಂಟು ಎಂಜಲಾಯಿತಲ್ಲ! ಕಲಶಕ್ಕೆ ನಮ್ಮೂರ ಬಾವಿಯ ನೀರೇ ಗತಿಯಾಯಿತು. ನನ್ನ ವಿಷಯ ಮಾತಾಡಿಕೊಂಡಿದ್ದ ಎರಡು ಮನೆಯವರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಅವ್ವ ಅದಕ್ಕೂ ಅಳಲಿಲ್ಲ, ಬರೀ ಮಾತು ಕಡಿಮೆ ಮಾಡಿದಳು. ದೊಡ್ಡಪ್ಪ ಮಾತ್ರ ತಮ್ಮ ಹಟ ಬಿಡಲಿಲ್ಲ. "ವ್ಯಾದಿ ಇರಬೌದು. ಅದು ಬೇರೆ. ತಾಯಿ ಬಂದದ್ದು ನಿಜ, ಸಕ್ಕರೆ ಕೇಳಿದ್ದು ನಿಜ. ಈ ಕಿವಿಯಾರೆ ಕೇಳಿವ್ನಿ," ಎಂದು ಊರೆಲ್ಲ ಹೇಳಿದರು. ಹಬ್ಬದ ದಿನ ದೊಡ್ಡ ಹಂಡೆಯಲ್ಲಿ ಸಕ್ಕರೆ ಪೊಂಗಲ್ ಇಟ್ಟರು ಕೂಡ. ನನಗೆ ಅದರಲ್ಲಿ ಒಂದು ಚಮಚವೂ ಕೊಡಲಿಲ್ಲ, ಕಾಯಿಲೆಯವಳಲ್ಲವೇ! ಮತ್ತೆ, ಬೆಟ್ಟಕ್ಕೆ ನಾನು ಇನ್ನು ಬರಕೂಡದು ಎಂದೂ ತೀರ್ಮಾನ ಮಾಡಿದರು.

ಸಾಯುವ ಹಾಗಾಗಿದ್ದಕ್ಕೆ ನಾನು ಅಳಲಿಲ್ಲ. ಬೆಟ್ಟ ಇಲ್ಲ ಎಂದಾಗ ಶೆಡ್ಡಿನಲ್ಲಿ ಮಗ್ಗಗಳ ಸದ್ದಿನ ನಡುವೆ ನಿಂತು ಬಾಯಿ ತೆರೆದು ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಆ ಸಿಟ್ಟು ಇವತ್ತಿನವರೆಗೂ ನನ್ನನ್ನು ಕಾಪಾಡಿದೆ.

ಆರ್.ಎಸ್. ಪುರಂನ ಅದೇ ಬೆಂಚಿನಲ್ಲಿ ಮತ್ತೆ ಕೂತೆ. ಈ ಸಲ ಸೀಸೆಗೆ ಟವಲು ಸುತ್ತಿರಲಿಲ್ಲ. ಡಾಕ್ಟರಮ್ಮ ಎಲ್ಲ ಕೇಳಿ ಕೆಂಡವಾದರು.

"ನಿನಗೆ ಬೆಟ್ಟ ಹತ್ತು ಅಂತ ಯಾರು ಹೇಳಿದ್ದು?"

"ಹತ್ತಬೇಡ ಅಂತ ನೀವು ಹೇಳ್ಲಿಲ್ಲ."

"ಈಗ ಹೇಳ್ತಾ ಇದೀನಿ."

"ಈಗ ಕೇಳಲ್ಲ ಡಾಕ್ಟರಮ್ಮ."

ಅಪ್ಪ ಹೌಹಾರಿ ನನ್ನ ಕೈ ಜಗ್ಗಿದ. ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು, ಆಮೇಲೆ ನಕ್ಕರು. "ಸರಿ. ಹತ್ತೋದೇ ಆದ್ರೆ ನೆಟ್ಟಗೆ ಹತ್ತು. ಕಲಿತು ಹತ್ತು," ಎಂದರು.

ಆ ವರ್ಷ ಕಲಿತೆ. ಮರುದಮಲೆಯ ಗುಡ್ಡದ ಗುಡಿಗೆ ಹತ್ತುವ ಮೆಟ್ಟಿಲುಗಳೇ ನನ್ನ ಶಾಲೆ. ಭಾನುವಾರ ಶೆಡ್ಡಿಗೆ ರಜೆ, ಸೆಲ್ವಿಯನ್ನು ಕರೆದುಕೊಂಡು ಹೊರಡುತ್ತಿದ್ದೆ. ಅವಳಿಗೆ ಎಲ್ಲ ಹೇಳಿದೆ, ಅವಳ ಕೈಯಲ್ಲೇ ಸಾತುಕುಡಿಗೆ ಊಸಿ ಚುಚ್ಚಿಸಿದೆ. ಎಷ್ಟು ಹತ್ತಿದರೆ ಸಕ್ಕರೆ ಎಷ್ಟು ಇಳಿಯುತ್ತದೆ ಎಂದು ಮನೆಗೆ ಬಂದು ಪರೀಕ್ಷೆ. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಿದರೆ ಬಣ್ಣ ಹೇಳುತ್ತಿತ್ತು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಇಟ್ಟಿಗೆ ಕೆಂಪಾದರೆ ಬಹಳ. ಬೆಟ್ಟದ ದಿನದ ಊಸಿಯ ಅಳತೆಯನ್ನು ಡಾಕ್ಟರಮ್ಮ ಇಳಿಸಿಕೊಟ್ಟರು. ಎಷ್ಟು ಎಂದು ನನ್ನನ್ನು ಕೇಳಬೇಡಿ, ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಉಳಿದದ್ದನ್ನು ಹೇಳಬಲ್ಲೆ, ಕೇಳಿ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಬೆಟ್ಟದಲ್ಲಿ ಹಸಿವು ಹೇಳಿ ಬರುವುದಿಲ್ಲ. ತಿನ್ನುವುದು ಯಾವತ್ತೂ ಕೈಗೆ ಸಿಗುವ ಕಡೆ ಇರಬೇಕು, ಮುಂದೆ ಹೋಗುವವನ ಹೆಗಲ ಮೇಲಲ್ಲ. ಎಲ್ಲವನ್ನೂ ಒಂದೇ ಚೀಲದಲ್ಲಿ ಇಡಬಾರದು, ಚೀಲ ಉರುಳಿ ಕಣಿವೆಗೆ ಬಿದ್ದರೆ ಏನು ಮಾಡುತ್ತೀರಿ? ಬಂಡೆಯ ಮೇಲೆ ಎರಡು ಕಾಲು, ಒಂದು ಕೈ ಗಟ್ಟಿಯಾಗಿ ಕೂತ ಮೇಲೆಯೇ ಇನ್ನೊಂದು ಕೈ ಎತ್ತಬೇಕು. ಇಳಿಯುವಾಗ ಅವಸರ ಬೇಡ, ಬೀಳುವವರೆಲ್ಲ ಇಳಿಯುವಾಗಲೇ ಬೀಳುವುದು. ಕಡ್ಡಿಪೆಟ್ಟಿಗೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ಬಿಸಿ ಲದ್ದಿ ಕಂಡರೆ ಆನೆ ಹತ್ತಿರದಲ್ಲೇ ಇದೆ, ಭಕ್ತಿ ಸಾಕು ಮಾಡಿ ಸದ್ದಿಲ್ಲದೆ ಹಿಂದಕ್ಕೆ ಬನ್ನಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ನಡಿಗೆಯೇ ಗುಂಪಿನ ನಡಿಗೆ. ಮತ್ತು ಎಲ್ಲಕ್ಕಿಂತ ಮೊದಲು, ನಿಮ್ಮ ಮೈಯಲ್ಲಿ ಏನಿದೆ ಎಂದು ಜೊತೆಯವರಿಗೆ ಬಾಯಿಬಿಟ್ಟು ಹೇಳಿ. ನನ್ನನ್ನು ಆ ಬಂಡೆಯ ಮೇಲೆ ಕೊಲ್ಲಲು ಹೊರಟದ್ದು ಕಾಯಿಲೆಯಲ್ಲ, ಗುಟ್ಟು.

ಬರಿಗಾಲು ಕೂಡದು ಎಂದು ಡಾಕ್ಟರಮ್ಮ ಕಡ್ಡಾಯವಾಗಿ ಹೇಳಿದ್ದರು. ನನ್ನಂಥವರ ಕಾಲಿಗೆ ಗಾಯವಾದರೆ ಬೇಗ ಮಾಯುವುದಿಲ್ಲ. ಮತ್ತೆ ತೈ ತಿಂಗಳು ಬಂದಾಗ ಅಪ್ಪ ಒಂದು ಸಂಜೆ ಕಾಗದದ ಪೊಟ್ಟಣ ತಂದು ನನ್ನ ಮುಂದಿಟ್ಟ. ಶಾಲೆಯ ಹುಡುಗರು ಹಾಕುವಂಥ ಬಿಳಿ ಕ್ಯಾನ್ವಾಸ್ ಶೂ. "ಹಾಕ್ ನೋಡು, ಕಚ್ಚಿದ್ರೆ ಬದ್ಲಾಯಿಸ್ತಾರಂತೆ," ಎಂದ ಅಷ್ಟೆ. ದೊಡ್ಡಪ್ಪನ ಮುಂದೆ ಎಂದೂ ತಲೆಯೆತ್ತದ ನನ್ನಪ್ಪನ ದಂಗೆ ಅಷ್ಟೇ ಇತ್ತು. ನನಗೆ ಅಷ್ಟು ಸಾಕಾಗಿತ್ತು.

ಅವ್ವ ಮಾತ್ರ, "ನಿನ್ನ ಕಾಲಿಗೆ ಬೀಳ್ತೀನಿ ರಾಜಿ, ಬೇಡ," ಎಂದಳು. ನಾನು ಬಗ್ಗಲಿಲ್ಲ. ಹೊರಡುವ ದಿನ ನೋಡಿದರೆ ಅವಳೂ ಚೀಲ ಕಟ್ಟಿಕೊಂಡು ನಿಂತಿದ್ದಳು.

ಬೇಡ ಎಂದವರ ಹಿಂದೆಯೇ ನಾವು ಮೂವರೂ, ಅವ್ವ, ಸೆಲ್ವಿ, ನಾನು, ಬಸ್ಸು ಹತ್ತಿ ತಪ್ಪಲಿಗೆ ಹೋದೆವು. ಇನ್ಸುಲಿನ್ ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪುಟ್ಟ ಕುಡಿಕೆಯಲ್ಲಿ ಇಟ್ಟುಕೊಂಡಿದ್ದೆ. ಕುಡಿಕೆಗೆ ದಾರವಿಲ್ಲ, ಕುಂಕುಮವಿಲ್ಲ. ಬೆಳಗಾಯಿತು. ನಾನು ಪೊದೆಯ ಹಿಂದೆ ಹೋಗಲಿಲ್ಲ. ಮಂಟಪದ ನಟ್ಟನಡುವೆ, ಎಲ್ಲರೂ ನೋಡುವ ಹಾಗೆ ಕೂತು, ತೋಳಿಗೆ ಊಸಿ ಹಾಕಿಕೊಂಡೆ. ಆಮೇಲೆ ಟಿಫಿನ್ ಡಬ್ಬಿ ತೆಗೆದು ಇಡ್ಲಿ ತಿನ್ನತೊಡಗಿದೆ. ಹೊಟ್ಟೆ ಖಾಲಿ ಇಟ್ಟುಕೊಂಡ ಅಷ್ಟು ಜನರ ಮುಂದೆ ಚಟ್ನಿ ಹಚ್ಚಿಕೊಂಡು ಇಡ್ಲಿ ತಿನ್ನುವುದು ಸುಲಭವೇನಲ್ಲ. ಒಂದೊಂದು ತುತ್ತಿಗೂ ನೀರು ಕುಡಿದು ಇಳಿಸಿದೆ.

ದೊಡ್ಡಪ್ಪ ಬಂದು ಮುಂದೆ ನಿಂತರು.

"ಏನ್ ಮಾಡ್ತಾ ಇದೀಯ ನೀನು? ನೀರು ತುಂಬೋ ಮುಂಚೆ ತಿಂತೀಯಾ? ಕಾಲಿಗೆ ಬೂಟು ಬೇರೆ! ತಾಯಿ ಮುನಿಸ್ಕೊಂಡ್ರೆ ಯಾರು ತಡ್ಕೊಳ್ಳೋದು?"

ನಾನು ಕೈಯಲ್ಲಿದ್ದ ತುತ್ತು ನುಂಗಿದೆ. ಎದ್ದು ನಿಂತೆ.

"ಯಾಕೆ ಮುನಿಸ್ಕೊತಾಳೆ ದೊಡ್ಡಪ್ಪಾ? ತಾಯಿ ನನ್ನ ಮೈಮೇಲೆ ಬಂದು ಸಕ್ಕರೆ ಕೇಳಿದ್ಲು ಅಂತ ಊರೆಲ್ಲ ಹೇಳಿದ್ದು ನೀವೇ ಅಲ್ವಾ? ಅವಳು ಕೇಳ್ದಾಗ ಕೊಡ್ದೆ ಪ್ರಶ್ನೆ ಕೇಳ್ಕೊಂಡು ನಿಂತ್ರಿ. ಈ ಸಲ ಕೇಳೋಕ್ ಮುಂಚೇನೇ ಕೊಡ್ತಾ ಇದೀನಿ. ತಪ್ಪಾ?"

ತಾಯಿ ಬಂದೇ ಇರಲಿಲ್ಲ ಎಂದರೆ ಅವರ ಮಾತು ಸುಳ್ಳಾಗುತ್ತದೆ. ಬಂದಿದ್ದಳು ಎಂದರೆ ನನ್ನ ಇಡ್ಲಿ ನೈವೇದ್ಯ. ಕತ್ತಿಸೇವೆಯ ಹುಡುಗನೊಬ್ಬ ಕಿಸಕ್ಕನೆ ನಕ್ಕು ಆಮೇಲೆ ಕೆಮ್ಮಿದ. ದೊಡ್ಡಪ್ಪ ಹಳದಿ ಗಂಟನ್ನು ಹೆಗಲಿಗೇರಿಸಿ, "ಬಾಯಿ ನೋಡು ಇವಳ್ದು. ಬಂಡೆ ಹತ್ರ ಶೂ ಜಾರ್ತದೆ, ನೋಡ್ಕೊಂಡ್ ಬಾ," ಎಂದು ಗೊಣಗಿ ಹೊರಟರು. ಅವರಿಂದ ಅದಕ್ಕಿಂತ ಹೆಚ್ಚು ನಾನು ಬಯಸಿಯೂ ಇರಲಿಲ್ಲ.

ಹತ್ತಿದೆ. ಅರ್ಧ ದಾರಿಯಲ್ಲಿ ಒಂದು ಬಾಳೆಹಣ್ಣು, ಬಿದಿರುಮೆಳೆಯ ಹತ್ತಿರ ಬಿಸ್ಕತ್ತು. ಮುಂಚಿನ ಹಾಗೆ ಗಂಡುಹುಡುಗರಿಗಿಂತ ಮುಂದೆ ಓಡಲಿಲ್ಲ. ಆ ಹುಚ್ಚು ಬಿಟ್ಟಿತ್ತು. ಆದರೂ ಜಾರುಬಂಡೆಯ ಬುಡದಲ್ಲಿ ನಾಲಿಗೆ ಮತ್ತೆ ಜುಮ್ಮೆಂದಿತು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಅದೇ ಬಂಡೆ, ಅದೇ ಜನ. ನಾನು ಜೋರಾಗಿ "ನಿಲ್ಲಿ!" ಎಂದೆ. ಎಲ್ಲರೂ ನಿಂತರು. ಸೆಲ್ವಿ ನನ್ನ ಕೆಂಪು ಚೀಲಕ್ಕೆ ಕೈ ಹಾಕಿದಳು. ಸಕ್ಕರೆ ಮುಕ್ಕಿದೆ, ನೀರು ಕುಡಿದೆ, ಕಲ್ಲಿಗೆ ಒರಗಿ ಕೂತೆ. ನಾಲಿಗೆ ನೆಟ್ಟಗಾಗುವವರೆಗೆ ಏಳಲಿಲ್ಲ. ಯಾರೂ ಕರ್ಪೂರ ಹಚ್ಚಲಿಲ್ಲ, ಯಾರೂ ನೂಲಿನ ರೇಟು ಕೇಳಲಿಲ್ಲ. ದೊಡ್ಡಪ್ಪ ಸ್ವಲ್ಪ ದೂರದಲ್ಲಿ ಬೇರೆ ಕಡೆ ಮುಖ ಮಾಡಿ ಕೂತು ಕಾದರು.

ಆಮೇಲೆ ಬಂಡೆ. ಎರಡು ಕಾಲು, ಒಂದು ಕೈ, ಆಮೇಲೆ ಇನ್ನೊಂದು ಕೈ. ಶೂ ಜಾರಲಿಲ್ಲ. ಮೇಲೆ ನಿಂತಾಗ ಗಾಳಿ ಮುಖಕ್ಕೆ ಬಡಿಯಿತು, ಕೆಳಗೆ ಬಯಲು ಸೋಮನೂರಿನ ಕಡೆಗೆ ಬೆಳ್ಳಗೆ ಹಾಸಿಕೊಂಡಿತ್ತು. ಊಟೆಯ ಹತ್ತಿರ ಶೂ ಬಿಚ್ಚಿಟ್ಟು ಕೈಕಾಲು ತೊಳೆದು ಬಿಂದಿಗೆ ಬಗ್ಗಿಸಿದೆ. ನೀರು ಮೊಣಕೈವರೆಗೆ ಕೊರೆಯುತ್ತಿತ್ತು. ಮೊದಲ ಬಿಂದಿಗೆ ತುಂಬಿದ್ದು ನಾನೇ.

ಅವ್ವ ಇನ್ನೂ ಬಂದಿರಲಿಲ್ಲ. ವಯಸ್ಸಾದ ಹೆಂಗಸರ ಜೊತೆ ಹಿಂದೆ ಉಳಿದಿದ್ದಳು, ಬಂಡೆಯ ಕೆಳಗೆಲ್ಲೋ ತಿರುವಿನಲ್ಲಿ, ನಮ್ಮ ಕಣ್ಣಿಗೆ ಕಾಣದ ಹಾಗೆ. ಊಟೆಯ ಸುತ್ತ ನಮ್ಮವರಷ್ಟೇ ಅಲ್ಲ, ಬೇರೆ ಬೇರೆ ಊರಿನವರು, ಗುರುತು ಪರಿಚಯ ಇಲ್ಲದವರು ತುಂಬಿದ್ದರು. ಅಷ್ಟರಲ್ಲಿ ಕೆಳಗಿನಿಂದ ಒಂದು ದನಿ ಬಂತು. ಬಾಗಿಲು ಮುಂದೆ ಮಾಡಿ ನನ್ನ ಕಾಯಿಲೆಯ ಹೆಸರನ್ನು ಪಿಸುಗುಟ್ಟಿದ್ದ ಅದೇ ದನಿ. ಮಗ್ಗದ ಸದ್ದನ್ನು ಮೀರಿ ಕೂಗಿ ಕೂಗಿ ಪಳಗಿದ ದನಿ, ಬೆಟ್ಟಕ್ಕೆಲ್ಲ ಕೇಳಿಸುವಂತೆ ಕೂಗಿತು.

"ರಾಜೀ! ಸರ್ಕರೆ ತಿಂದ್ಯಾ?"

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿ, ಬಂಡೆಯ ಅಂಚಿನಿಂದ ಒಂದು ಹೆಜ್ಜೆ ಈಚೆ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ.

"ತಿಂದೆ ಅವ್ವಾ!"